ಉಗಾಂಡಾದಲ್ಲಿ ಆರು ವಾರ ಪಾಠ ಮಾಡಿ ಬರಲೇ?

ಪ್ರಶ್ನೆ: ನನಗೆ 51 ವರ್ಷ. ಎಂ.ಎಸ್ಸಿ. ನರ್ಸಿಂಗ್, ಪೀಡಿಯಾಟ್ರಿಕ್ಸ್ (ಮಕ್ಕಳ ವಿಭಾಗ). ಖಾಸಗಿ ಕಾಲೇಜಿನಲ್ಲಿ 22 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಪರಿಚಯದವರ ಮೂಲಕ ಉಗಾಂಡಾದ ಒಂದು ನರ್ಸಿಂಗ್ ಶಾಲೆಯಿಂದ ಕರೆ ಬಂದಿದೆ. ಸಂಬಳ ಇಲ್ಲ, ಊಟ ವಸತಿ ಅವರದು, ವಿಮಾನದ ಖರ್ಚು ನನ್ನದು. ರಜೆಯಲ್ಲಿ ಆರು ವಾರ ಹೋಗಿ ಬರುವ ಆಸೆ. ಮನೆಯಲ್ಲಿ ‘ಈ ವಯಸ್ಸಿನಲ್ಲಿ ಬೇಕಾ’ ಎನ್ನುತ್ತಾರೆ. ನಾನು ಸಸ್ಯಾಹಾರಿ. ಹೋಗಬಹುದಾ ಮೇಡಂ? ಏನೇನು ತಯಾರಿ ಬೇಕು?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ವಯಸ್ಸಿನ ಮಾತು ಮೊದಲು ಮುಗಿಸಿಬಿಡೋಣ. ನಾನು ಉಗಾಂಡಾಕ್ಕೆ ಹೋದಾಗ ನನಗೆ 56. ಆಗಷ್ಟೇ ನಿವೃತ್ತಿ ತೆಗೆದುಕೊಂಡಿದ್ದೆ. ತಲೆಗೂದಲು ಬೆಳ್ಳಗಿದ್ದದ್ದು ಅಲ್ಲಿ ನನಗೆ ಅನುಕೂಲವೇ ಆಯಿತು. ಬುಗಾಂಡಾ ಪ್ರಾಂತ್ಯದ ಹೆಣ್ಣುಮಕ್ಕಳು ಹಿರಿಯರನ್ನು ಕಂಡರೆ ಮಂಡಿಯೂರಿ ನಮಸ್ಕರಿಸುತ್ತಾರೆ. ಮೊದಲ ದಿನ ಒಬ್ಬ ವಿದ್ಯಾರ್ಥಿನಿ ವಾರ್ಡಿನ ನೆಲದ ಮೇಲೇ ಮಂಡಿಯೂರಿದಾಗ ಏನೋ ಬಿದ್ದುಹೋಯಿತೆಂದು ನಾನೂ ಬಗ್ಗಿ ಹುಡುಕಿದ್ದೆ!

ನನಗೆ ಯೋಚನೆ ಇರುವುದು ನಿಮ್ಮ ವಯಸ್ಸಿನ ಬಗ್ಗೆ ಅಲ್ಲ, ಆ ಆರು ವಾರದ ಬಗ್ಗೆ. ಮೊದಲ ವಾರ ಯಾವ ಕೀಲಿ ಯಾರ ಹತ್ತಿರ ಇದೆ ಎಂದು ತಿಳಿಯುವುದರಲ್ಲೇ ಹೋಗುತ್ತದೆ. ಎರಡನೇ ವಾರ ನಿಮ್ಮ ಇಂಗ್ಲಿಷ್ ಅವರಿಗೆ, ಅವರ ಇಂಗ್ಲಿಷ್ ನಿಮಗೆ ಹಿಡಿತಕ್ಕೆ ಸಿಗಬೇಕು. ಅಲ್ಲಿ ಪಾಠ ಇಂಗ್ಲಿಷಿನಲ್ಲೇ. ಆದರೂ ನಾವು ಮಾತಾಡುವ ವೇಗ ಅವರಿಗೆ ಜಾಸ್ತಿ. ಮಧ್ಯೆ ಪರೀಕ್ಷೆಯೋ ವಾರ್ಡಿನ ಪೋಸ್ಟಿಂಗೋ ಬಂದರೆ ಇನ್ನೊಂದು ವಾರ ಹೋಯಿತು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಾನು ಹೋದ ಶಾಲೆಯಲ್ಲಿ ಮಕ್ಕಳ ವಿಭಾಗಕ್ಕೆ ಒಬ್ಬರೇ ಟ್ಯೂಟರ್. ಎರಡು ಬ್ಯಾಚ್, ವಾರ್ಡು, ಹಾಸ್ಟೆಲ್, ಎಲ್ಲ ಅವರ ತಲೆಯ ಮೇಲೆ. ನಾನು ಹೋದ ಮರುದಿನವೇ ಅವರ ಪೀರಿಯಡ್ಡುಗಳೆಲ್ಲ ನನಗೆ ಬಂದವು. ನಾನೂ ಖುಷಿಯಿಂದ ತೆಗೆದುಕೊಂಡೆ. ಪಾಪ, ಅವರೂ ನಿಟ್ಟುಸಿರು ಬಿಟ್ಟು ಬಾಕಿ ಇದ್ದ ಫೈಲು ನೋಡಲು ಹೋದರು. ಒಂದು ತಿಂಗಳಾದ ಮೇಲೆ ಪ್ರಿನ್ಸಿಪಾಲರು ಚಹಾ ಕುಡಿಯುತ್ತಾ ಕೇಳಿದರು: ‘ನೀವು ಹೊರಟ ಮೇಲೆ ಈ ಪಾಠ ಯಾರು ಮಾಡಬೇಕು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಕಲಿಸುತ್ತಿದ್ದದ್ದು ವಿದ್ಯಾರ್ಥಿಗಳಿಗೆ. ಆ ಶಾಲೆಯಲ್ಲಿ ಉಳಿಯುವವರು ಟ್ಯೂಟರ್.

ಅಂದಿನಿಂದ ಕ್ರಮ ಬದಲಾಯಿಸಿದೆವು. ಒಂದು ದಿನ ಅವರ ಪಾಠ, ನಾನು ಹಿಂದಿನ ಬೆಂಚಿನಲ್ಲಿ. ಮರುದಿನ ನನ್ನ ಪಾಠ, ಅವರು ಹಿಂದಿನ ಬೆಂಚಿನಲ್ಲಿ. ಪ್ರಶ್ನೆಪತ್ರಿಕೆ ಇಬ್ಬರೂ ಕೂತು ಮಾಡಿದೆವು. ಹೀಗೆ ಮಾಡಿದರೆ ಪಾಠದ ವೇಗ ಅರ್ಧಕ್ಕಿಳಿಯುತ್ತದೆ. ಇಳಿಯಲಿ ಬಿಡಿ.

2013ರಲ್ಲಿ ಅಮೆರಿಕದ ಸರ್ಕಾರಿ ಸ್ವಯಂಸೇವಕ ಸಂಸ್ಥೆ ಪೀಸ್ ಕೋರ್ ಮತ್ತು ಸೀಡ್ ಗ್ಲೋಬಲ್ ಹೆಲ್ತ್ ಎಂಬ ಸೇವಾ ಸಂಸ್ಥೆ ಸೇರಿ ಮಲಾವಿ, ಟಾಂಜಾನಿಯಾ, ಉಗಾಂಡಾಗಳಿಗೆ ವೈದ್ಯರನ್ನೂ ನರ್ಸುಗಳನ್ನೂ ಪಾಠ ಮಾಡಲು ಕಳಿಸಿದವು. ಅದು ಅಮೆರಿಕದವರಿಗೆ ಮಾತ್ರ ಇದ್ದ ಅವಕಾಶ, ನಮಗಲ್ಲ. ಆದರೆ ಒಬ್ಬೊಬ್ಬರಿಗೆ ಒಂದು ವರ್ಷ, ಜೊತೆಗೆ ಅಲ್ಲಿನ ಅಧ್ಯಾಪಕರು ಎಂಬ ಅವರ ಲೆಕ್ಕ ಗಮನಿಸಿ. ಒಂದು ವರ್ಷ ಅಂತ ಸುಮ್ನೆ ಇಟ್ಟದ್ದಲ್ಲ. ನಿಮ್ಮ ಕಾಲೇಜು ಸಂಬಳವಿಲ್ಲದ ರಜೆ ಕೊಟ್ಟರೆ ಒಂದು ಸೆಮಿಸ್ಟರ್ ಪೂರ್ತಿ ಹೋಗಿ. ಕೊಡದಿದ್ದರೆ ಆರು ವಾರಕ್ಕೇ ಹೋಗಿ. ಆದರೆ ಇಡೀ ಪೀಡಿಯಾಟ್ರಿಕ್ಸ್ ಹೊತ್ತುಕೊಂಡು ಹೋಗಬೇಡಿ. ಒಂದೇ ವಿಷಯ ಹಿಡಿಯಿರಿ. ‘ನನ್ನ ಜೊತೆ ಒಬ್ಬ ಟ್ಯೂಟರ್ ಇರಲೇಬೇಕು’ ಎಂದು ಈಗಲೇ ಪತ್ರದಲ್ಲಿ ಬರೆಸಿಕೊಳ್ಳಿ.

ಒಂದೇ ವಿಷಯ ಎಂದರೆ ಕಡಿಮೆ ಆಯಿತು ಅಂದುಕೊಳ್ಳಬೇಡಿ. ಮಕ್ಕಳಲ್ಲಿ ತೀವ್ರ ಮಲೇರಿಯಾಕ್ಕೆ ಕೊಡುವ ಆರ್ಟಿಸುನೇಟ್ ಇಂಜೆಕ್ಷನ್ ಒಂದನ್ನೇ ತೆಗೆದುಕೊಳ್ಳಿ. 60 ಮಿ.ಗ್ರಾಂ. ಪುಡಿಯ ವಯಲ್ (ಪುಟ್ಟ ಬಾಟಲಿ). ಮೊದಲು ಜೊತೆಯಲ್ಲೇ ಬರುವ 1 ಎಂ.ಎಲ್. ಸೋಡಿಯಂ ಬೈಕಾರ್ಬೊನೇಟ್ ಹಾಕಿ ಕರಗಿಸಬೇಕು. ಶಿರೆಗೆ ಕೊಡುವುದಾದರೆ ಆಮೇಲೆ 5 ಎಂ.ಎಲ್. ಸಲೈನ್. ಅಲ್ಲಿಗೆ 1 ಎಂ.ಎಲ್.ಗೆ 10 ಮಿ.ಗ್ರಾಂ. ಆಯಿತು. ದೊಡ್ಡವರಿಗೆ ಕೆ.ಜಿ.ಗೆ 2.4 ಮಿ.ಗ್ರಾಂ., 20 ಕೆ.ಜಿ.ಗಿಂತ ಕಡಿಮೆ ಇರುವ ಮಗುವಿಗೆ ಕೆ.ಜಿ.ಗೆ 3 ಮಿ.ಗ್ರಾಂ. ಲೆಕ್ಕ. ಮೊದಲ ಡೋಸ್ ಆದ 12 ಗಂಟೆಗೆ ಒಂದು, 24 ಗಂಟೆಗೆ ಇನ್ನೊಂದು. ನಾನು ಬೋರ್ಡಿನ ಮೇಲೆ 14 ಕೆ.ಜಿ. ಮಗು ಎಂದು ಬರೆದೆ. 42 ಮಿ.ಗ್ರಾಂ., 4.2 ಎಂ.ಎಲ್., ಡೋಸ್ ಚಾರ್ಟಿನ ಪ್ರಕಾರ ಮೇಲಕ್ಕೆ ಏರಿಸಿ 5 ಎಂ.ಎಲ್. ಇಡೀ ಕ್ಲಾಸು ಸರಿಯಾಗಿ ಹೇಳಿತು. ನನಗೋ ಹೆಮ್ಮೆ.

ಮರುದಿನ ವಾರ್ಡಿನಲ್ಲಿ ತಾಯಿಯ ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿದ್ದ ಮಗು ಬಂತು. ಮೈ ಕೆಂಡ. ವಿದ್ಯಾರ್ಥಿನಿ ಮಗುವನ್ನು ಒಮ್ಮೆ ನೋಡಿ ಕೇಸ್ ಶೀಟಿನಲ್ಲಿ 12 ಕೆ.ಜಿ. ಎಂದು ಬರೆದಳು. ತೂಕ ಮಾಡಲಿಲ್ಲವಾ ಎಂದರೆ, ಮಕ್ಕಳ ತಕ್ಕಡಿ ಕೆಟ್ಟು ಎಷ್ಟೋ ದಿನವಾಗಿತ್ತಂತೆ. ಎಲ್ಲರೂ ಅಂದಾಜಿನಲ್ಲೇ ಬರೆಯುತ್ತಿದ್ದರು. ಓಪಿಡಿಯಿಂದ ದೊಡ್ಡವರ ತೂಕದ ಮೆಷಿನ್ ತರಿಸಿದೆವು. ತಾಯಿ ಮಗುವನ್ನು ಎತ್ತಿಕೊಂಡು ಒಮ್ಮೆ, ಮಗುವನ್ನು ಇಳಿಸಿ ಒಮ್ಮೆ. ಕಳೆದರೆ ಒಂಬತ್ತೂವರೆ ಕೆ.ಜಿ.! ಆ ವಾರದ ನಿಜವಾದ ಪಾಠ ಅದೇ ಆಯಿತು. ಅದು ನನ್ನ ಲೆಸನ್ ಪ್ಲಾನಿನಲ್ಲಿ ಇರಲೇ ಇಲ್ಲ. ಆದ್ದರಿಂದ ಮೊದಲ ವಾರ ಪಾಠ ಮಾಡಬೇಡಿ, ವಾರ್ಡಿನಲ್ಲಿ ನಿಂತು ನೋಡಿ. ಏನಿದೆ, ಏನಿಲ್ಲ ಎಂದು ಬರೆದಿಟ್ಟುಕೊಳ್ಳಿ.

ಅವರಿಂದ ಕಲಿಯುವುದೂ ಇದೆ. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದಾಗ ಕ್ಯಾಥೆಟರಿಗೆ (ತೆಳು ನಳಿಕೆಗೆ) ಕಾಂಡೋಮ್ ಕಟ್ಟಿ, ಗರ್ಭಕೋಶದೊಳಗಿಟ್ಟು ಸಲೈನ್ ತುಂಬುವ ಉಪಾಯ ಬಾಂಗ್ಲಾದೇಶದಲ್ಲಿ ಹುಟ್ಟಿದ್ದು. ನಾನು ಅದನ್ನು ಪುಸ್ತಕದಲ್ಲಿ ಓದಿದ್ದೆ ಅಷ್ಟೇ. ಕೈಯಲ್ಲಿ ಕಟ್ಟಿ ತೋರಿಸಿದವಳು ಅಲ್ಲಿನ ಮಿಡ್‌ವೈಫ್.

ಭಾಷೆಯ ಬಗ್ಗೆ ಒಂದು ಮಾತು. ರಾಜಧಾನಿ ಕಂಪಾಲಾ ಸುತ್ತಮುತ್ತ ರೋಗಿಗಳು ಆಡುವುದು ಲುಗಾಂಡಾ. ಪಶ್ಚಿಮಕ್ಕೆ, ಉತ್ತರಕ್ಕೆ ಹೋದರೆ ಬೇರೆ ಭಾಷೆಗಳು. ನಾಲ್ಕು ಮಾತು ಕಲಿಯಿರಿ. ‘ವೆಬಾಲೆ’ ಎಂದರೆ ಧನ್ಯವಾದ, ‘ಮುಸಾವೊ’ ಎಂದರೆ ವೈದ್ಯರು, ನರ್ಸು ಎಲ್ಲ. ಆದರೆ ಗಂಟೆ ಹೇಳಲು ಮಾತ್ರ ಹೋಗಬೇಡಿ! ನಾನು ಹೋಗಿ ಕೆಟ್ಟೆ. ಒಬ್ಬ ತಾಯಿಗೆ ಮಧ್ಯಾಹ್ನ ಎರಡಕ್ಕೆ ಬಾರಮ್ಮ ಎನ್ನಲು ‘ಸಾವಾ ಬಿರಿ’ ಎಂದೆ. ಸಾವಾ ಎಂದರೆ ಗಂಟೆ, ಬಿರಿ ಎಂದರೆ ಎರಡು. ಸರಿ ಇದೆ ಅಲ್ವಾ? ಆಕೆ ಬಂದದ್ದು ರಾತ್ರಿ ಎಂಟಕ್ಕೆ, ಮಗುವನ್ನು ಕಟ್ಟಿಕೊಂಡು, ಕತ್ತಲಲ್ಲಿ ನಡೆದು. ಅಲ್ಲಿ ದಿನದ ಲೆಕ್ಕ ಸೂರ್ಯ ಹುಟ್ಟಿದ ಮೇಲೆ ಶುರು. ನಮ್ಮ ಏಳು ಅವರ ಒಂದು, ನಮ್ಮ ಎಂಟು ಅವರ ಎರಡು. ಸಂಜೆ ಮತ್ತೆ ಏಳರಿಂದ ಒಂದು. ಮಧ್ಯಾಹ್ನದ ಎರಡಕ್ಕೆ ‘ಸಾವಾ ಮುನಾನಾ’ ಎನ್ನಬೇಕು, ಅಂದರೆ ಎಂಟು. ‘ಹೊತ್ತು ಹುಟ್ಟಿ ಎರಡು ಗಳಿಗೆ’ ಎನ್ನುತ್ತಿದ್ದ ನಮ್ಮಜ್ಜಿಗಾದರೆ ಥಟ್ಟನೆ ಅರ್ಥವಾಗುತ್ತಿತ್ತು. ಔಷಧಿಯ ಹೊತ್ತು ಹೇಳುವಾಗ ವಿದ್ಯಾರ್ಥಿಗಳ ಬಾಯಲ್ಲೇ ಹೇಳಿಸಿ.

ಆ ವಿದ್ಯಾರ್ಥಿಗಳು ಕ್ಲಾಸಿನಲ್ಲಿ ಪ್ರಶ್ನೆ ಕೇಳುವುದಿಲ್ಲ. ಮೇಡಂ ಎದುರು ಮಾತಾಡಬಾರದು ಎಂಬ ನಮ್ಮ ಮಕ್ಕಳ ಗುಣವೇ ಅವರದೂ. ಹೌದು ಎನ್ನಲು ಹುಬ್ಬು ಮೇಲೇರಿಸುತ್ತಾರೆ, ಅಷ್ಟೇ. ನಾನದನ್ನು ಆಶ್ಚರ್ಯ ಎಂದುಕೊಂಡು ಒಂದೇ ವಿಷಯವನ್ನು ಮೂರು ಸಲ ಹೇಳಿದ್ದುಂಟು. ಚೀಟಿಯಲ್ಲಿ ಪ್ರಶ್ನೆ ಬರೆದು ಡಬ್ಬಿಗೆ ಹಾಕಿ ಎಂದ ಮೇಲೆ ಡಬ್ಬಿ ತುಂಬಿತು.

ಈಗ ಕಾಗದಪತ್ರ. ಟೂರಿಸ್ಟ್ ವೀಸಾದಲ್ಲಿ ಹೋಗಿ ಪಾಠ ಮಾಡಬೇಡಿ, ಸಂಬಳ ಇಲ್ಲದಿದ್ದರೂ. ಸ್ಪೆಷಲ್ ಪಾಸ್ (ಕಡಿಮೆ ಅವಧಿಯ ಅನುಮತಿ) ಅಥವಾ ವರ್ಕ್ ಪರ್ಮಿಟ್ಟಿಗೆ ಕರೆಸಿಕೊಳ್ಳುವ ಶಾಲೆಯೇ ಅರ್ಜಿ ಹಾಕಲಿ. ವಾರ್ಡಿನಲ್ಲಿ ರೋಗಿಯನ್ನು ಮುಟ್ಟಬೇಕಾದರೆ ಉಗಾಂಡಾ ನರ್ಸಸ್ ಅಂಡ್ ಮಿಡ್‌ವೈವ್ಸ್ ಕೌನ್ಸಿಲ್‌ನ ತಾತ್ಕಾಲಿಕ ನೋಂದಣಿ ಬೇಕು. ಅದಕ್ಕೆ ನಮ್ಮ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಿಂದ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ (ನೋಂದಣಿ ಸರಿಯಿದೆ, ದೂರಿಲ್ಲ ಎಂಬ ಪತ್ರ) ಕೇಳಿದರೆ ಬೇಗ ಸಿಗುತ್ತದೆ ಎಂದುಕೊಳ್ಳಬೇಡಿ, ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ. ಹಳದಿ ಜ್ವರದ ಲಸಿಕೆ ಕಡ್ಡಾಯ. ಹೊರಡುವ ಕನಿಷ್ಠ 10 ದಿನ ಮೊದಲು ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಲಸಿಕೆಯ ದಾಖಲೆಯಾಗಿ ಕೊಡುವ ಹಳದಿ ಪುಸ್ತಕವನ್ನು ವಾಪಸ್ ಬರುವಾಗ ಇಲ್ಲಿನ ಏರ್‌ಪೋರ್ಟಿನಲ್ಲೂ ಕೇಳುತ್ತಾರೆ, ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್. ಮಲೇರಿಯಾ ತಡೆಯುವ ಮಾತ್ರೆ ಯಾವುದು ಎಂದು ನಿಮ್ಮ ವೈದ್ಯರನ್ನು ಕೇಳಿ, ಹೆಪಟೈಟಿಸ್ ಬಿ ಟೈಟರ್ (ರಕ್ತದಲ್ಲಿ ರೋಗನಿರೋಧಕ ಮಟ್ಟ) ನೋಡಿಸಿ. ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ತಡೆ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ಅದು ಎಲ್ಲಿ ಸಿಗುತ್ತದೆ ಎಂದು ಹೋದ ದಿನವೇ ಕೇಳಿಟ್ಟುಕೊಳ್ಳಿ.

ಊಟದ ಚಿಂತೆ ಬಿಡಿ. ಹಾಸ್ಟೆಲಿನಲ್ಲಿ ದಿನಾ ಪೋಶೋ ಮತ್ತು ಬೀನ್ಸ್. ಪೋಶೋ ಎಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಹುಬ್ಬಳ್ಳಿಯವರಿಗೆ ರೊಟ್ಟಿ ನೆನಪಾಗಬಹುದು, ಚಟ್ನಿಪುಡಿ ಒಯ್ಯಿರಿ. ಬಾಳೆಕಾಯಿ ಬೇಯಿಸಿ ಮಸೆದ ಮಟೋಕೆ, ಶೇಂಗಾ ಸಾರು, ಚಪಾತಿ ಎಲ್ಲ ಇದೆ. ‘ರೋಲೆಕ್ಸ್’ ಎಂದರೆ ಮಾತ್ರ ಚಪಾತಿಯೊಳಗೆ ಮೊಟ್ಟೆ. ಹವೆ ಬೆಂಗಳೂರಿನ ಹಾಗೆ.

ಪ್ರಶ್ನೆ: ಕಳೆದ ವರ್ಷ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದೇನೆ. ಒಂದು ಏಜೆನ್ಸಿಯವರು ಆಫ್ರಿಕಾದ ನರ್ಸಿಂಗ್ ಕಾಲೇಜಿನಲ್ಲಿ ಮೂರು ತಿಂಗಳು ‘ವಾಲಂಟಿಯರ್ ಟೀಚರ್’ ಆಗಿ ಕಳಿಸುತ್ತಾರಂತೆ. 1.6 ಲಕ್ಷ ಕಟ್ಟಬೇಕು. ಆ ಸರ್ಟಿಫಿಕೇಟ್ ಇದ್ದರೆ ಗಲ್ಫ್, ಯುಕೆಗೆ ಸುಲಭವಂತೆ. ಕಟ್ಟಲೇ?
– ಹಾಸನದಿಂದ ಒಬ್ಬ ಓದುಗಿ

ಉತ್ತರ: ಕಟ್ಟಬೇಡಮ್ಮ. ಯುಕೆಯಲ್ಲಿ ನೋಂದಣಿಗೆ ನೋಡುವುದು ಇಂಗ್ಲಿಷ್ ಪರೀಕ್ಷೆ, ಸಿಬಿಟಿ (ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ), ಓಸ್ಕಿ (ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆ). ಗಲ್ಫ್‌ನವರು ಕೇಳುವುದು ಸ್ಟಾಫ್ ನರ್ಸ್ ಆಗಿ ರೋಗಿಯ ಪಕ್ಕದಲ್ಲಿ ಮಾಡಿದ ಕೆಲಸದ ಅನುಭವ. ಮೂರು ತಿಂಗಳ ವಾಲಂಟಿಯರ್ ಕಾಗದ ಆ ಎರಡೂ ಕಡೆ ನಡೆಯುವುದಿಲ್ಲ.

ಇನ್ನೊಂದು, ಉಗಾಂಡಾವನ್ನೇ ನೋಡಿ. ಅಲ್ಲಿ ಸರ್ಟಿಫಿಕೇಟ್ ನರ್ಸುಗಳು ಕೆಲ ವರ್ಷ ಕೆಲಸ ಮಾಡಿ ಡಿಪ್ಲೊಮಾಕ್ಕೆ ವಾಪಸ್ ಬರುತ್ತಾರೆ. ನಿನ್ನ ಎದುರು ಬೆಂಚಿನಲ್ಲಿ ಕೂರುವವಳು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಒಬ್ಬಳೇ ನಿಂತು ನೂರಾರು ಹೆರಿಗೆ ಮಾಡಿಸಿರಬಹುದು. ಅವಳಿಗೆ ನೀನು ಪಿಪಿಟಿ ತೋರಿಸಿ ಏನು ಹೇಳುತ್ತೀಯ?

ಸ್ವಂತ ಖರ್ಚಿನಲ್ಲಿ ಹೋಗುವುದೇ ತಪ್ಪು ಎನ್ನುತ್ತಿಲ್ಲ. ವಿಮಾನದ ದುಡ್ಡು ವಿಮಾನಕ್ಕೆ ಹೋದರೆ ಸರಿ. ಯಾವುದಕ್ಕೆ ಎಷ್ಟು ಎಂದು ಲೆಕ್ಕ ಕೊಡದೆ 1.6 ಲಕ್ಷ ಕೇಳುವವರ ಮಾತು ಬೇರೆ. ವಿಶ್ವಸಂಸ್ಥೆಯ ಯುಎನ್ ವಾಲಂಟಿಯರ್ಸ್‌ನಲ್ಲಿ ಹೆಸರು ನೋಂದಾಯಿಸಲು ಒಂದು ರೂಪಾಯಿಯೂ ಬೇಡ. ಆಯ್ಕೆಯಾದರೆ ತಿಂಗಳ ಖರ್ಚಿಗೆ ಅವರೇ ಕೊಡುತ್ತಾರೆ. ಅವರ ಹೆಸರು ಹೇಳಿಕೊಂಡು ಯಾರಾದರೂ ದುಡ್ಡು ಕೇಳಿದರೆ ಅದು ಮೋಸ. ಮೊದಲು ಒಳ್ಳೆಯ ಆಸ್ಪತ್ರೆಯ ಮಕ್ಕಳ ವಾರ್ಡೋ ಲೇಬರ್ ವಾರ್ಡೋ ಹಿಡಿದು ಎರಡು ಮೂರು ವರ್ಷ ನೈಟ್ ಡ್ಯೂಟಿ ಮಾಡು. ಆಮೇಲೂ ಪಾಠ ಮಾಡುವ ಆಸೆ ಉಳಿದಿದ್ದರೆ ಇಲ್ಲಿಗೇ ಬರೆ, ಯಾವ ಪತ್ರ ಹೇಗೆ ಬರೆಯಬೇಕೆಂದು ಹೇಳುತ್ತೇನೆ.