ಹದಿನೆಂಟು ಅಭಿಪ್ರಾಯ ಬೇಡ, ಆಯಿಗೆ ಹೇಳಿದ ಕಾರ್ಟೂನ್ ಬರೆಯಿರಿ

ಹುಮನಾಬಾದಿನ ತಂಗಿಗೆ,

ನೀವು ಕಳಿಸಿದ ‘ಕಾರ್ಟೂನು: ಯಾರೂ ಒಪ್ಪದ ನನ್ನ ಹದಿನೆಂಟು ಮಾತು’ ತಲುಪಿತು, ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ನಮ್ಮ ಪುರವಣಿಯಲ್ಲಿ ಹಾಕಲು ಬರುವುದಿಲ್ಲ. ಬರೀ ‘ಪ್ರಕಟಿಸಲಾಗುತ್ತಿಲ್ಲ’ ಎಂದು ತಿಳಿಸಿ ಸುಮ್ಮನಾಗಬಹುದಿತ್ತು. ಆದರೆ ಹನ್ನೆರಡನೆಯ ಮಾತಿನಲ್ಲಿ ನೀವು ನಿಮ್ಮ ಆಯಿಯ, ಅಂದರೆ ಅಜ್ಜಿಯ, ಬಗ್ಗೆ ಮೂರು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಂಥ ಮೂರು ಸಾಲು ಕಲಬುರಗಿಯ ಈ ಕಚೇರಿಗೆ ಬರುವುದು ಅಪರೂಪ. ಅವುಗಳ ಸಲುವಾಗಿಯೇ ಇಷ್ಟು ಉದ್ದದ ಪತ್ರ.

ಮೊದಲು ಕಹಿ ಮಾತು. ನಿಮ್ಮ ಹದಿನೆಂಟರಲ್ಲಿ ಬಹುಪಾಲು ಊರೆಲ್ಲ ಒಪ್ಪಿದ ಮಾತೇ. ‘ಸಿಂಪ್ಸನ್ಸ್ ಹತ್ತು ಸೀಸನ್ನಿಗೆ ನಿಲ್ಲಬೇಕಿತ್ತು’ ಎನ್ನುತ್ತೀರಿ. 1989ರ ಡಿಸೆಂಬರಿನಲ್ಲಿ ಶುರುವಾಗಿ 750 ಕಂತು ದಾಟಿದ ಆ ಅಮೆರಿಕದ ಕಾರ್ಟೂನ್ ಧಾರಾವಾಹಿಯ ಅಭಿಮಾನಿಗಳೇ ಈ ಮಾತನ್ನು ವರ್ಷಗಟ್ಟಲೆ ಆಡಿಕೊಂಡು ಬಂದಿದ್ದಾರೆ. ‘ಶಿನ್-ಚಾನ್ ಮಕ್ಕಳನ್ನು ಕೆಡಿಸುತ್ತದೆ’ ಎನ್ನುತ್ತೀರಿ. 2008ರಲ್ಲಿ ನಮ್ಮ ದೇಶದಲ್ಲಿ ಅದರ ಪ್ರಸಾರ ನಿಂತದ್ದು ಇಂಥದೇ ದೂರುಗಳಿಂದ. ಆಮೇಲೆ ಕತ್ತರಿ ಹಾಕಿಸಿಕೊಂಡು ಮರಳಿ ಬಂತು. ನಿಮ್ಮ ಓಣಿಯ ತಾಯಂದಿರಲ್ಲಿ ಎಷ್ಟು ಮಂದಿ ಇದನ್ನು ಅಲ್ಲಗಳೆದಾರು? ‘ಫ್ಯಾಮಿಲಿ ಗೈ ಅಗ್ಗದ ಹಾಸ್ಯ’ ಎಂದು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟಿದ್ದೀರಿ. ಯಾವ ಕಂತು, ಯಾವ ದೃಶ್ಯ, ಅದರಲ್ಲಿ ಯಾರು ಏನು ಅಂದರು ಎಂಬುದಿಲ್ಲ. 2002ರಲ್ಲಿ ವಾಹಿನಿಯವರೇ ಕೈಬಿಟ್ಟ ಆ ಅಮೆರಿಕದ ಕಾರ್ಟೂನ್ ಧಾರಾವಾಹಿ 2005ರಲ್ಲಿ ಮತ್ತೆ ಎದ್ದು ಬಂದದ್ದರಲ್ಲಿ ಡಿವಿಡಿ ಕೊಂಡು ನೋಡಿದ ಜನರ ಪಾಲು ದೊಡ್ಡದು. ಅಷ್ಟು ಮಂದಿ ದುಡ್ಡು ಕೊಟ್ಟು ನಕ್ಕದ್ದನ್ನು ನೀವು ಅಲ್ಲಗಳೆಯಬಹುದು, ತಪ್ಪಿಲ್ಲ. ಆದರೆ ಅವರು ಯಾಕೆ ನಕ್ಕರು ಎಂಬುದನ್ನು ಮೊದಲು ಅವರ ಪರ ನಿಂತು ಹೇಳಿ, ಆಮೇಲೆ ನಿಮ್ಮ ಮಾತು ಹೇಳಿ.

ಇನ್ನೊಂದು. ಪ್ರತಿ ಮಾತಿನ ಕೊನೆಗೆ ‘ಯಾರಿಗಾದರೂ ಬೇಸರವಾದರೆ ಕ್ಷಮಿಸಿ’ ಎಂದು ಬರೆದಿದ್ದೀರಿ. ಅದನ್ನೆಲ್ಲ ತೆಗೆಯಿರಿ. ಶುರುವಿನಲ್ಲಿ ‘ಹಿಂದುಳಿದ ನಮ್ಮ ಕಡೆ ಟೀವಿಯೇ ತಡವಾಗಿ ಬಂತು’ ಎಂಬ ಸಾಲನ್ನೂ ತೆಗೆಯಿರಿ, ಅದು ಸುಳ್ಳು. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ತೋರಿಸುವ ‘ಸೈಟ್’ ಪ್ರಯೋಗ ನಡೆದಾಗ ಕರ್ನಾಟಕದಲ್ಲಿ ಆರಿಸಿಕೊಂಡದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳನ್ನು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರಲ್ಲಿ. ನಮ್ಮನ್ನು ನಾವೇ ಹಿಂದಕ್ಕೆ ತಳ್ಳಿಕೊಂಡು ಬರೆಯುವ ಚಟ ನಮ್ಮ ಭಾಗದ ಹೊಸಬರಲ್ಲಿ ಬಹಳ ಇದೆ. ನನಗೆ ಅದನ್ನು ಕಂಡರೆ ಸಂಕಟವಾಗುತ್ತದೆ.

ನಾಲ್ಕನೆಯ ಮಾತಿಗೆ ಸ್ವಲ್ಪ ಹೊತ್ತು ನಿಲ್ಲಬೇಕು. ‘ಟಾಮ್ ಅಂಡ್ ಜೆರ್ರಿ ಮುಂದೆ ಆಮೇಲಿನ ಟೀವಿ ಕಾರ್ಟೂನೆಲ್ಲ ಕಸ, ಮಾಡುವವರ ಮೈಗಳ್ಳತನ’ ಎಂದಿದ್ದೀರಿ. ಕಂಡದ್ದು ಸರಿ, ಕೊಟ್ಟ ಕಾರಣ ತಪ್ಪು. ಟಾಮ್ ಅಂಡ್ ಜೆರ್ರಿ ಹುಟ್ಟಿದ್ದು ಟೀವಿಗಲ್ಲ. 1940ರಿಂದ ಎಂಜಿಎಂ ಸ್ಟುಡಿಯೋದಲ್ಲಿ ವಿಲಿಯಂ ಹಾನಾ ಮತ್ತು ಜೋಸೆಫ್ ಬಾರ್ಬೆರಾ ಮಾಡಿದ 114 ಕಿರುಚಿತ್ರಗಳು ಥಿಯೇಟರಿನಲ್ಲಿ ದೊಡ್ಡ ಸಿನಿಮಾದ ಜೊತೆ ತೋರಿಸಲಿಕ್ಕೆ ಮಾಡಿದವು. ಒಂದೊಂದೂ ಏಳೆಂಟು ನಿಮಿಷದ್ದು. ಟಾಮ್ ಮೆಲ್ಲಗೆ ಕಾಲಿಟ್ಟರೂ ಸಂಗೀತ ಕೊಟ್ಟ ಸ್ಕಾಟ್ ಬ್ರಾಡ್ಲಿಯ ವಾದ್ಯಮೇಳ ಅದಕ್ಕೆ ತಕ್ಕಂತೆ ನುಡಿಯುತ್ತಿತ್ತು. ಏಳು ಆಸ್ಕರ್ ಬಂದವು. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗವನ್ನೇ ಮುಚ್ಚಿತು. ಕೆಲಸ ಕಳಕೊಂಡ ಅದೇ ಇಬ್ಬರು ಸ್ವಂತ ಕಂಪನಿ ಕಟ್ಟಿ ಟೀವಿಗೆ ಬಂದರು. ಅಲ್ಲಿ ದುಡ್ಡೂ ಕಡಿಮೆ, ದಿನವೂ ಕಡಿಮೆ. ಅವರು ಟೀವಿಗೆ ಮಾಡಿದ ಯೋಗಿ ಕರಡಿಯ ಕೊರಳಲ್ಲಿ ಒಂದು ಕಾಲರ್ ಇದೆಯಲ್ಲ, ಅದು ಅಂದಕ್ಕಷ್ಟೇ ಹಾಕಿದ್ದಲ್ಲ. ಕಾಲರಿನ ಮೇಲಿನ ತಲೆ ಮಾತ್ರ ಹೊಸದಾಗಿ ಬರೆದರೆ ಸಾಕು, ಮೈ ಹಳೆಯದೇ ನಡೆಯುತ್ತದೆ, ಕೂಡಿಸಿದ ಜಾಗ ಕಾಣುವುದಿಲ್ಲ. 1960ರಲ್ಲಿ ಅಮೆರಿಕದ ಟೀವಿಯಲ್ಲಿ ಮನೆಮಂದಿಯೆಲ್ಲ ಕೂತು ನೋಡುವ ರಾತ್ರಿ ಹೊತ್ತಿಗೆ ಬಂದ ಮೊದಲ ಕಾರ್ಟೂನ್ ಧಾರಾವಾಹಿ ಫ್ಲಿಂಟ್‌ಸ್ಟೋನ್ಸ್ ಕೂಡ ಇವರದೇ. ಅದರಲ್ಲಿ ಫ್ರೆಡ್ ಓಡುವಾಗ ಬೆನ್ನ ಹಿಂದೆ ಅದದೇ ಚಿತ್ರ ಮತ್ತೆ ಮತ್ತೆ ಹಾದು ಹೋಗುತ್ತದೆ. ಮೈಗಳ್ಳರಾಗಿದ್ದರೆ ಇಷ್ಟಕ್ಕೇ ಬಿಡುತ್ತಿದ್ದರು. ಅವರು ಚಿತ್ರದಲ್ಲಿ ಕಳಕೊಂಡದ್ದನ್ನು ಮಾತಿನಲ್ಲಿ ತುಂಬಿದರು: ಧ್ವನಿ, ರಾಗ, ತಿರುಗು ಜವಾಬು. ಟೀವಿಯ ಕಾರ್ಟೂನು ಕಣ್ಣಿಗಿಂತ ಕಿವಿಯನ್ನು ನಂಬಿ ಬೆಳೆದದ್ದು ಹೀಗೆ. ಸಿಂಪ್ಸನ್ಸಿನ ಕೆಲವು ಕಂತುಗಳನ್ನು ಕಣ್ಣು ಮುಚ್ಚಿ ಕೇಳಿ ನೋಡಿ, ಅರ್ಧಕ್ಕರ್ಧ ಕಥೆ ಸಿಗುತ್ತದೆ.

ಛೋಟಾ ಭೀಮ್ ಬಗ್ಗೆ ಬೈದದ್ದು ಇರಲಿ ಬಿಡಿ. ಅದು ತಯಾರಾಗುವುದು ಹೈದರಾಬಾದಿನಲ್ಲಿ, ನಿಮ್ಮೂರಿನ ಮೇಲೆ ಹಾಯುವ ಹೆದ್ದಾರಿಯಲ್ಲೇ, ನಿಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಇಷ್ಟಾದರೂ ಬರೆದಿದ್ದರೆ ಆ ಬೈಗುಳಕ್ಕೆ ಒಂದು ಊರು ಸಿಗುತ್ತಿತ್ತು.

ಈಗ ಹನ್ನೆರಡನೆಯ ಮಾತು. ಆಯಿಯ ಜೊತೆ ಕೂತು ಒಗ್ಗಿ ಎಂಬ ಬೆಕ್ಕಿನ ಕಾರ್ಟೂನನ್ನು ಹಿಂದಿಯಲ್ಲಿ ನೋಡಿದ ನಿಮ್ಮ ಸಾಲುಗಳನ್ನೇ ಇಲ್ಲಿ ಇಳಿಸುತ್ತೇನೆ: ‘ಆಯಿಗಿ ಹಿಂದಿ ಬರ್ತಿದ್ದಿಲ್ಲ. ಒಗ್ಗಿ ಏನಂದ ಅಂತ ನಾ ಹೇಳ್ತಿದ್ದೆ, ಆಯಿ ತೊಗರಿಬ್ಯಾಳಿ ಹಸನ ಮಾಡೋದು ಬಿಟ್ಟು ನಗ್ತಿದ್ಳು. ಕನ್ನಡದಾಗ ಬರೋ ಕಾರ್ಟೂನ್ ಹಚ್ಚಿದ್ರ ನಗ್ತಿದ್ದಿಲ್ಲ.’

ತಂಗಿ, ಇಡೀ ಬರಹದಲ್ಲಿ ನಿಜವಾಗಿ ಯಾರೂ ಒಪ್ಪದ ಮಾತು ಇದೊಂದೇ. ಕನ್ನಡದ ಓದುಗರ ಮುಂದೆ ನಿಂತು ‘ಕನ್ನಡದ ಕಾರ್ಟೂನಿಗೆ ನಮ್ಮ ಮನೆಯಲ್ಲಿ ನಗು ಬರಲಿಲ್ಲ’ ಎನ್ನಲು ಧೈರ್ಯ ಬೇಕು. ಕನ್ನಡದ ಮಕ್ಕಳ ವಾಹಿನಿ ಚಿಂಟು ಟೀವಿ ಶುರುವಾದದ್ದು 2009ರಲ್ಲಿ. ಅದಕ್ಕೂ ಮುಂಚಿನ ಹುಡುಗರಲ್ಲಿ ಬಹಳ ಮಂದಿ ಹಿಂದಿಯಲ್ಲೇ ನೋಡಿದರು. ನಿಮಗೆ ಎರಡೂ ಇದ್ದವು, ಎರಡನ್ನೂ ಹಚ್ಚಿ ನೋಡಿದ್ದೀರಿ, ಹಾಗಾಗಿ ನಿಮ್ಮ ಮಾತಿಗೆ ತೂಕವಿದೆ. ಆದರೆ ಕಾರಣವನ್ನು ನೀವು ಹುಡುಕಿಲ್ಲ. ‘ಹಿಂದಿ ಡಬ್ಬಿಂಗ್ ಚಂದ’ ಎಂದು ಮುಗಿಸಿದ್ದೀರಿ. ಒಗ್ಗಿ ಫ್ರಾನ್ಸಿನ ಕಾರ್ಟೂನು, ಮೂಲದಲ್ಲಿ ಆ ಬೆಕ್ಕು ಮಾತೇ ಆಡುವುದಿಲ್ಲ. ಹಿಂದಿಗೆ ತಂದವರು ಅದಕ್ಕೆ ಶಾರುಖ್ ಖಾನ್ ಧ್ವನಿಯನ್ನು ಹೋಲುವ ಧ್ವನಿ ಕೊಟ್ಟು ಮಾತನ್ನೆಲ್ಲ ತಾವೇ ಹೊಸೆದರು. ಅದರ ಮೇಲೆ ಹುಮನಾಬಾದಿನ ಒಂದು ಪಡಸಾಲೆಯಲ್ಲಿ ಒಬ್ಬ ಹುಡುಗಿ ತನ್ನ ಮನೆ ಕನ್ನಡದಲ್ಲಿ ಇನ್ನೊಂದು ಮಾತು ಹೊಸೆದಳು. ಆಯಿ ನಕ್ಕದ್ದು ಹಿಂದಿಗೋ ನಿಮಗೋ?

ಈ ಪ್ರಶ್ನೆಯನ್ನು ಹಿಡಿದು ಕೂತುಕೊಳ್ಳಿ. ನನಗೆ ಇನ್ನೂ ಒಂದು ಅನುಮಾನವಿದೆ. ಹುಮನಾಬಾದಿನ ಬಜಾರಿನಲ್ಲಿ ಸಂತೆ ಮಾಡುವವರ ಕಿವಿಯ ಮೇಲೆ ದಖನಿ ಉರ್ದು ಬೀಳದ ದಿನವಿರುವುದಿಲ್ಲ. ಬಳೆಯವನ ಹತ್ತಿರ, ತರಕಾರಿಯವಳ ಹತ್ತಿರ ಅದರಲ್ಲೇ ಚೌಕಾಸಿ. ಅಂಥ ಊರಿನಲ್ಲಿ ಆಯುಷ್ಯ ಕಳೆದವರಿಗೆ ಒಗ್ಗಿಯ ಹಿಂದಿ ನಿಜವಾಗಿಯೂ ತಿಳಿಯುತ್ತಿರಲಿಲ್ಲವೇ? ಅಥವಾ ಮೊಮ್ಮಗಳ ಬಾಯಿಂದ ಕೇಳುವ ಆಸೆಗೆ ‘ಏನಂತಾನ ಅಂವ’ ಎಂದು ಕೇಳುತ್ತಿದ್ದರೇ? ಉತ್ತರ ನನಗೆ ಬೇಕಿಲ್ಲ, ಬರಹಕ್ಕೆ ಬೇಕು. ಕಾರ್ಟೂನಿನಲ್ಲಿ ಒಗ್ಗಿಯನ್ನು ಕಾಡುವ ಜಿರಳೆಗಳು ಫ್ರಿಜ್ಜಿಗೆ ನುಗ್ಗಿದಾಗ ನೀವು ಏನು ಹೇಳಿದಿರಿ, ಯಾವ ಬೈಗುಳ ಸೇರಿಸಿದಿರಿ, ಆಯಿ ಮೊರ ಕೆಳಗಿಟ್ಟು ಏನಂದರು, ಅಷ್ಟನ್ನೂ ಆಡಿದ ಹಾಗೇ ಬರೆಯಿರಿ. ಶಾಲೆಯ ಕನ್ನಡಕ್ಕೆ ತಿದ್ದಬೇಡಿ. ಓದುಗರಿಗೆ ತಿಳಿಯುತ್ತದೋ ಇಲ್ಲವೋ ಎಂಬ ಚಿಂತೆ ನನಗಿರಲಿ.

ಡಬ್ ಮಾಡಿದವರನ್ನು ಬೈದು ಕೈತೊಳೆದುಕೊಳ್ಳುವ ದಾರಿ ಹಿಡಿಯಬೇಡಿ. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಮಕ್ಕಳಿಗೂ ಒಂದೇ ಕನ್ನಡ ಕೊಡಬೇಕು, ಅದೂ ಬಾಯಿ ತೆರೆದು ಮುಚ್ಚುವ ಲೆಕ್ಕಕ್ಕೆ ಸರಿಯಾಗಿ. ಆ ಕನ್ನಡ ಯಾರ ಮನೆಯದೂ ಆಗಿರಲಿಕ್ಕಿಲ್ಲ. ಮೈಸೂರಿನ ಮಗುವಿಗೂ ಅದು ಸ್ವಲ್ಪ ಪರಕೀಯವೇ ಇರಬಹುದು. ಇದನ್ನು ಬರೆಯಲು ಹಿಂಜರಿಯಬೇಡಿ, ಅಲ್ಲಿಂದ ನಿಮ್ಮ ವಾದ ಗಟ್ಟಿಯಾಗುತ್ತದೆ.

ಇದರ ಜೊತೆ ಏಳನೆಯದನ್ನೂ ಹದಿನಾರನೆಯದನ್ನೂ ತನ್ನಿ. ಏಳರಲ್ಲಿ ಸಿಂಪ್ಸನ್ಸಿನ ಭಾರತೀಯ ಅಂಗಡಿಯವ ಅಪುವಿನ ಪರವಾಗಿ ‘ನಗು ಬಂದರೆ ನಗಬೇಕು, ಉಚ್ಚಾರದಲ್ಲೇನಿದೆ’ ಎಂದಿದ್ದೀರಿ. ಅಪುವಿಗೆ ಧ್ವನಿ ಕೊಟ್ಟವರು ಹ್ಯಾಂಕ್ ಅಜಾರಿಯಾ, ಭಾರತದ ಮೂಲದವರಲ್ಲ. ಅಮೆರಿಕದಲ್ಲಿ ಬೆಳೆದ ನಮ್ಮ ಮಕ್ಕಳು ಶಾಲೆಯಲ್ಲಿ ಆ ಉಚ್ಚಾರದಿಂದಲೇ ಗೇಲಿಗೆ ಸಿಕ್ಕ ಮಾತು ಬಹಿರಂಗ ಚರ್ಚೆಯಾಗಿ, 2020ರಲ್ಲಿ ಅವರು ಆ ಪಾತ್ರ ಬಿಟ್ಟರು. ಹದಿನಾರರಲ್ಲಿ ನೀವೇ ಬರೆದಿದ್ದೀರಿ: ಬೆಂಗಳೂರಿನ ಪೀಜಿಯಲ್ಲಿ ಗೆಳತಿಯರು ಸುತ್ತ ಕೂತು ‘ನಿಮ್ಮ ಕಡೆ ಭಾಷೆ ಮಾತಾಡೇ’ ಎನ್ನುತ್ತಾರೆ, ನೀವು ಬಾಯಿ ತೆಗೆದರೆ ನಗುತ್ತಾರೆ, ಟೀವಿಯ ಕಾಮಿಡಿಯಲ್ಲೂ ಅದೇ ನಡೆಯುತ್ತದೆ, ನಿಮಗೆ ಸಿಟ್ಟು ಬರುತ್ತದೆ. ಈ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ. ಹೊಂದಿಸಲೂ ಹೋಗಬೇಡಿ. ಅಪುವಿಗೆ ನಕ್ಕವರೂ ನೀವೇ, ಪೀಜಿಯಲ್ಲಿ ಸಿಟ್ಟಾದವರೂ ನೀವೇ, ಮನೆ ಮಾತಿನಲ್ಲಿ ಆಯಿಯನ್ನು ನಗಿಸಿದವರೂ ನೀವೇ. ಒಂದೇ ಮಾತು ಒಂದು ಕಡೆ ಸಲಿಗೆಯಾಗಿ ಇನ್ನೊಂದು ಕಡೆ ಚುಚ್ಚುವುದು ಹೇಗೆ ಎಂಬುದನ್ನು ಬರೆಯಲು ನಿಮ್ಮ ಕೈಯಲ್ಲಿ ಇಷ್ಟು ಸಾಮಗ್ರಿ ಇರುವಾಗ ಉಳಿದ ಹದಿನೈದು ಯಾಕೆ?

ಸಾವಿರ ಪದ ಮೀರದಿರಲಿ. ಆಯಿ ಇದ್ದರೆ ಕಳಿಸುವ ಮುಂಚೆ ಓದಿ ಕೇಳಿಸಿ. ಅವರ ನೆನಪು ನಿಮ್ಮದಕ್ಕಿಂತ ಬೇರೆ ಇದ್ದರೆ ಎರಡನ್ನೂ ಇಡಿ. ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಬಂದರೆ ಮಕ್ಕಳ ದಿನದ ಪುರವಣಿಗೆ ಜಾಗ ಇಟ್ಟಿರುತ್ತೇನೆ. ಟೈಪ್ ಮಾಡಲು ಆಗದಿದ್ದರೆ ಕೈಬರಹವೂ ನಡೆಯುತ್ತದೆ, ಹಾಳೆಯ ಒಂದೇ ಬದಿಗೆ ಬರೆಯಿರಿ.

ಸಂಪಾದಕ
ಕಲಬುರಗಿ