ಸರ್ಕಾರಿ ಆಸ್ಪತ್ರೆಗಳಿಗೆ ಪ್ರತ್ಯೇಕ ನೆಟ್‌ವರ್ಕ್ ಇದ್ದರೆ ಸಾಕೇ?

ಕೊಡಗಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಮಡಿಕೇರಿಯ ಜಿಲ್ಲಾ ಆಸ್ಪತ್ರೆಯೊಂದಿಗೆ ಪ್ರತ್ಯೇಕ ನೆಟ್‌ವರ್ಕ್‌ನಲ್ಲಿ ಜೋಡಿಸಿದರೆ ರೋಗಿಗಳ ಮಾಹಿತಿ ಸುರಕ್ಷಿತವೇ ಎಂದು ತಾವು ಕೇಳಿದ್ದೀರಿ. ಈ ಜಿಲ್ಲೆಯಲ್ಲಿ ನೆಟ್‌ವರ್ಕ್ ನಿರ್ವಹಣೆಯನ್ನೇ ವೃತ್ತಿಯಾಗಿಸಿಕೊಂಡಿರುವ ನನ್ನ ಉತ್ತರವಿಷ್ಟು: ಅಂಥ ನೆಟ್‌ವರ್ಕ್ ಬೇಕೇ ಬೇಕು, ಆದರೆ ಅದರೊಳಗಿನ ಕಂಪ್ಯೂಟರ್‌ಗಳೆಲ್ಲ ಒಂದನ್ನೊಂದು ನಂಬುವಂತಿದ್ದರೆ ಹೊರಗಿನಿಂದ ಬರುವ ಸಂಪರ್ಕಗಳನ್ನು ಸೋಸುವ ಫೈರ್‌ವಾಲ್ ಎಷ್ಟೇ ಗಟ್ಟಿಯಾಗಿದ್ದರೂ ಸಾಲದು.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ಎನ್3 ಎಂಬ ತನ್ನದೇ ಜಾಲವಿತ್ತು. 2017ರ ಮೇ 12ರಂದು ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವಾನಾಕ್ರೈ ವೈರಸ್‌ನ ದಾಳಿಯಾದಾಗ, ಆಸ್ಪತ್ರೆ ಮುಂತಾದ ಸೇವೆಗಳನ್ನು ನಡೆಸುವ ಇಂಗ್ಲೆಂಡಿನ 236 ಎನ್‌ಎಚ್‌ಎಸ್ ಟ್ರಸ್ಟ್‌ಗಳಲ್ಲಿ ಕನಿಷ್ಠ 80 ತೊಂದರೆಗೊಳಗಾದವು. ವೈರಸ್ ಹರಡಲು ಆ ಜಾಲವೂ ದಾರಿಯಾಯಿತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ನಮ್ಮಲ್ಲಿ 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್‌ನ ಐದು ಸರ್ವರ್‌ಗಳು ದಾಳಿಗೆ ತುತ್ತಾದವು, ನೆಟ್‌ವರ್ಕನ್ನು ಸರಿಯಾಗಿ ವಿಭಾಗಿಸದಿದ್ದುದೇ ಕಾರಣವೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು.

ವಿಭಾಗಿಸುವುದೆಂದರೇನು? ಎಕ್ಸ್‌ರೇ ಕೋಣೆಯ ಕಂಪ್ಯೂಟರನ್ನೇ ನೋಡಿ. ಯಂತ್ರದ ತಯಾರಕರು ಒಪ್ಪದ ಕಾರಣ ಅದರಲ್ಲಿ ಹಳೆಯ ವಿಂಡೋಸ್ ಹಾಗೆಯೇ ಉಳಿದಿರುತ್ತದೆ. ಅದನ್ನು ಬದಲಿಸಲಾಗದಿದ್ದರೆ ಬೇರೆ ವಿಲ್ಯಾನ್‌ನಲ್ಲಿಟ್ಟು (ಅಂದರೆ ಅದೇ ನೆಟ್‌ವರ್ಕಿನೊಳಗೆ ಬೇರ್ಪಡಿಸಿದ ಭಾಗದಲ್ಲಿಟ್ಟು), ಚಿತ್ರಗಳನ್ನು ಸಂಗ್ರಹಿಸುವ ಸರ್ವರಿಗೆ ವೈದ್ಯಕೀಯ ಚಿತ್ರಗಳನ್ನು ಕಳಿಸುವ ವಿಧಾನವಾದ ಡೈಕಾಮ್‌ನ 104ನೇ ಪೋರ್ಟಿನ (ಸಂಪರ್ಕದ್ವಾರದ) ಮೂಲಕ ಕಳಿಸಲು ಮಾತ್ರ ಅನುಮತಿ ಕೊಟ್ಟು, ಉಳಿದ ದಾರಿಗಳನ್ನೆಲ್ಲ ಮುಚ್ಚಬೇಕು. ಹಾಗೆ ಮಾಡಿದರೆ ಒಪಿಡಿ ಚೀಟಿ ಬರೆಯುವ ಕೌಂಟರಿನಲ್ಲಿ ಯಾರೋ ಸಿಕ್ಕಿಸಿದ ಪೆನ್‌ಡ್ರೈವ್‌ನ ವೈರಸ್ ಎಕ್ಸ್‌ರೇ ಯಂತ್ರವನ್ನು ಮುಟ್ಟಲಾರದು. ಸಿಬ್ಬಂದಿಯ ವೈಫೈಗೂ ಸಿಸಿಟಿವಿಗೂ ಇದೇ ನಿಯಮ.

ಕೊಡಗಿನಲ್ಲಿ ಇದಕ್ಕಿಂತ ಕಷ್ಟದ ಮಾತು ಮಳೆಗಾಲ. ಮರ ಬಿದ್ದು ಕೇಬಲ್ ತುಂಡಾದಾಗ ಭಾಗಮಂಡಲದಂಥ ಕಡೆ ಸಿಬ್ಬಂದಿ ಈ ಸುರಕ್ಷಿತ ಜಾಲ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್ ಹಿಡಿಯುವುದು ಸಹಜ, ರೋಗಿ ಎದುರಿಗೇ ಕುಳಿತಿರುವಾಗ ಅವರನ್ನು ದೂರುವುದು ನ್ಯಾಯವಲ್ಲ. ಆದ್ದರಿಂದ ಬದಲಿ ದಾರಿಯನ್ನು ಮೊದಲೇ ಮಾಡಿಡಬೇಕು: ರೂಟರಿನಲ್ಲೇ ಸಿಮ್ ಇರಲಿ, ಫೈಬರ್ ಕಡಿದ ಕೂಡಲೇ ಅದು ತಾನಾಗಿಯೇ ವಿಪಿಎನ್ (ಇಂಟರ್ನೆಟ್ಟಿನಲ್ಲೇ ಗೂಢಲಿಪಿಯಲ್ಲಿ ಸಾಗುವ ಖಾಸಗಿ ದಾರಿ) ಮೂಲಕ ಅದೇ ಜಾಲವನ್ನು ಸೇರಲಿ. ಎರಡನೆಯ ಫೈಬರ್ ಎಳೆಸುತ್ತೇವೆನ್ನುವವರು ಅದು ಯಾವ ರಸ್ತೆಯ ಪಕ್ಕದಲ್ಲಿ ಬರುತ್ತದೆಂದು ಕೇಳಲೇಬೇಕು; 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಕುಸಿದಂತೆ ರಸ್ತೆಯೇ ಕುಸಿದರೆ ಒಂದೇ ಬದಿಯ ಎರಡು ಕೇಬಲ್‌ಗಳೂ ಒಟ್ಟಿಗೇ ಹೋಗುತ್ತವೆ.

ಹಣ ಕಡಿಮೆಯಿದ್ದರೆ ಮೊದಲು ನೆಟ್‌ವರ್ಕಿಗೆ ತಾಗದಂತೆ ಬೇರ್ಪಡಿಸಿಟ್ಟ ಬ್ಯಾಕಪ್‌ಗೂ, ಪ್ರತಿಯೊಬ್ಬ ನರ್ಸ್ ಹಾಗೂ ವೈದ್ಯರಿಗೆ ಬೇರೆ ಬೇರೆ ಲಾಗಿನ್ ಮಾಡಿಕೊಡುವುದಕ್ಕೂ ಖರ್ಚು ಮಾಡಲಿ. ದುಬಾರಿ ಫೈರ್‌ವಾಲ್ ಆಮೇಲೆ ಬರಬಹುದು.