ಬಟನ್ ಒತ್ತೋನಿಗೆ ಎಂಟು ಪುಟ ಯಾಕೆ?

ಕಳೆದ ಸಂಚಿಕೆಲಿ ಸ್ವೀಡನ್ನಿನ ಡಿಜೆ ಅವೀಚಿ ಬಗ್ಗೆ ಎಂಟು ಪುಟ ಹಾಕಿದ್ವಲ್ಲ, ಅದಕ್ಕೆ ನಿವೃತ್ತ ಸಂಗೀತ ಮೇಷ್ಟ್ರೊಬ್ಬರು ನಾಲ್ಕು ಪುಟ ಕೈಯಲ್ಲೇ ಬರೆದು ಕಳಿಸಿದ್ದಾರೆ. ತಿರುಳು ಇಷ್ಟು: "ಹಾಡೋಕೆ ಬರಲ್ಲ, ಒಂದು ವಾದ್ಯ ನೆಟ್ಟಗೆ ನುಡಿಸೋಕೆ ಬರಲ್ಲ, ಬೇರೆಯವರ ಹಾಡು ಒಂದರ ಹಿಂದೆ ಒಂದು ಹಾಕಿ ಬಟನ್ ಒತ್ತಿ ಕೈ ಮೇಲೆತ್ತೋನನ್ನ ಸಂಗೀತಗಾರ ಅಂದಿದ್ದೀರಿ. ಮೂವತ್ತು ವರ್ಷ ಪಾಠ ಹೇಳಿದ ನನ್ನಂಥವರ ಕೆನ್ನೆಗೆ ಬಾರಿಸಿದ ಹಾಗಾಯ್ತು."

ಮೇಷ್ಟ್ರೇ, ನಿಮ್ಮ ಮಾತಲ್ಲಿ ಸರಿ ಇರೋದನ್ನ ಮೊದಲು ಒಪ್ಪಿಬಿಡ್ತೀನಿ, ಜಗಳ ಆಮೇಲೆ. ಮನೇಲೇ ಆ ರಾತ್ರಿಯ ಹಾಡುಗಳನ್ನೆಲ್ಲ ಮೊದಲೇ ಜೋಡಿಸಿ ಪೆನ್‌ಡ್ರೈವಲ್ಲಿ ತಂದು, ವೇದಿಕೆ ಮೇಲೆ ಸುಮ್ನೆ ನಾಬ್ ತಿರುಗಿಸೋ ನಾಟಕ ಆಡೋರಿದ್ದಾರೆ. ದುಡ್ಡು ಕೊಟ್ಟು ಘೋಸ್ಟ್ ಪ್ರೊಡ್ಯೂಸರ್ (ಹೆಸರು ಹೇಳ್ಕೊಳ್ಳದೆ ಹಾಡು ಮಾಡಿಕೊಡೋನು) ಕೈಲಿ ಟ್ರ್ಯಾಕ್ ಮಾಡಿಸಿ ತಮ್ಮ ಹೆಸರು ಹಾಕ್ಕೊಳ್ಳೋರೂ ಇದ್ದಾರೆ. ಇದ್ದಾರೆ, ಸರಿ, ಮುಂದಕ್ಕೆ ಹೋಗೋಣ.

"ಒಂದರ ಹಿಂದೆ ಒಂದು ಹಾಕಿ" ಅಂದ್ರಲ್ಲ, ಅದು ನನಗೆ ಚುಚ್ಚಿತು ನೋಡಿ. ಯಾಕಂದ್ರೆ ನನ್ನ ಉದ್ಯೋಗವೂ ಅದೇ, ಬೇರೆಯವರ ಬರಹ ಒಂದರ ಹಿಂದೆ ಒಂದು ಜೋಡಿಸೋದು. ನೆಂಟರ ಮನೇಲಿ ಯಾರಾದ್ರೂ ಪತ್ರಿಕೆ ತಿರುವಿ ಹಾಕಿ "ಇದರಲ್ಲಿ ನೀನು ಬರೆದಿದ್ದು ಯಾವ್ದು?" ಅಂತಾರೆ, ನಾನು ಸಂಪಾದಕೀಯದ ಮುಕ್ಕಾಲು ಪುಟ ತೋರಿಸ್ತೀನಿ, "ಇಷ್ಟೇನಾ" ಅಂತಾರೆ. ಸಾವಿನ ಕಥೆ ಆದ್ಮೇಲೆ ನಗೆಬರಹ ಬರಬಹುದಾ, ಬಂದ್ರೆ ಮಧ್ಯ ಒಂದು ಪದ್ಯ ಬೇಕಾ ಅಂತ ನಾನು ರಾತ್ರಿ ಹನ್ನೊಂದರವರೆಗೆ ಕೂತಿದ್ದು ಯಾರಿಗೂ ಕಾಣಲ್ಲ. ಕೆಲಸ ಚೆನ್ನಾಗಿ ಆಗಿದ್ರೆ ಕಾಣಲೂಬಾರದು ಅನ್ನಿ.

ಒಂದ್ಸಲ ಒಬ್ಬ ಡಿಜೆ ಬೆನ್ನ ಹಿಂದೆ ಎರಡು ಗಂಟೆ ನಿಂತು ನೋಡಿದ್ದೆ. ಹೆಡ್‌ಫೋನ್ ಒಂದೇ ಕಿವಿಗೆ. ಬರಿಗಿವೀಲಿ ಜನ ಕೇಳ್ತಿರೋ ಹಾಡು, ಮುಚ್ಚಿದ ಕಿವೀಲಿ ಜನಕ್ಕೆ ಇನ್ನೂ ಗೊತ್ತಿಲ್ಲದ ಮುಂದಿನ ಹಾಡು. ಒಂದು ಹಾಡಿಗೆ ನಿಮಿಷಕ್ಕೆ 124 ಬೀಟ್, ಇನ್ನೊಂದಕ್ಕೆ 127, ವೇಗ ಏರಿಸಿ ಇಳಿಸೋ ಪಿಚ್ ಫೇಡರನ್ನ ಕೂದಲೆಳೆಯಷ್ಟು ಸರಿಸಿ ಎರಡನ್ನೂ ಒಂದೇ ನಡಿಗೆಗೆ ತರ್ತಾನೆ, ಹಳೇದರ ಬೇಸ್ ಇಳಿಸಿ ಹೊಸದರ ಬೇಸ್ ಏರಿಸ್ತಾನೆ (ಎರಡೂ ಒಟ್ಟಿಗೆ ಬಿಟ್ರೆ ಬರೀ ಕೆಸರು), ಅದೂ ಎಲ್ಲಂದ್ರಲ್ಲಿ ಅಲ್ಲ, ಪದ್ಯದ ಪಾದ ಮುಗಿಯೋ ಥರ 16 ಇಲ್ಲ 32 ಬೀಟಿನ ಗಡೀಲೇ ಆಗಬೇಕು, ಶ್ರುತಿಗೆ ಶ್ರುತಿ ಕಚ್ಚಾಡಬಾರದು. ಈಗ ಸಿಂಕ್ ಬಟನ್ ಇದೆ, ಲಯ ಅದೇ ಕೂಡಿಸಿಕೊಡುತ್ತೆ, ನಿಜ. ಯಾವ ಹಾಡು ಹಾಕ್ಬೇಕು ಅಂತ ಅದಕ್ಕೆ ಗೊತ್ತಿಲ್ವಲ್ಲ. ನಡುವೆ ಅವನು ಒಂದು ಹಾಡು ಹಾಕಿದ, ಮುಂದಿನ ಸಾಲಲ್ಲಿದ್ದ ಇಬ್ಬರು ಫೋನ್ ತೆಗೆದ್ರು. ಅಷ್ಟೇ. ಒಂದೂವರೆ ನಿಮಿಷದೊಳಗೆ ಆ ಹಾಡನ್ನ ಸದ್ದಿಲ್ಲದೆ ಸಾಗಹಾಕಿದ, ಅವನ ಕತ್ತಿನ ಬೆವರು ನೋಡ್ಬೇಕಿತ್ತು ನೀವು. ಹುಡುಗ್ರು ಆಕಳಿಸಿದ್ದು ನೋಡಿ ನೀವು ಪಾಠ ಬದಲಾಯಿಸಿಲ್ವಾ ಮೇಷ್ಟ್ರೇ? ಖಂಡಿತ ಬದಲಾಯಿಸಿರ್ತೀರಿ, ನಿಮ್ಮ ಪತ್ರ ಓದಿದ್ರೇ ಗೊತ್ತಾಗುತ್ತೆ.

ಈ ಸಿಟ್ಟು ಹೊಸದೇನಲ್ಲ. 1979ರ ಜುಲೈ 12ರಂದು ಶಿಕಾಗೋದ ಕೊಮಿಸ್ಕಿ ಪಾರ್ಕಲ್ಲಿ ಎರಡು ಬೇಸ್‌ಬಾಲ್ ಪಂದ್ಯಗಳ ನಡುವೆ ಡಿಸ್ಕೋ ರೆಕಾರ್ಡುಗಳನ್ನ ಪೆಟ್ಟಿಗೆಗೆ ತುಂಬಿ ಸಿಡಿಸಿದ್ರು, ಜನ ಮೈದಾನಕ್ಕೆ ನುಗ್ಗಿ ಎರಡನೇ ಪಂದ್ಯವೇ ನಡೀಲಿಲ್ಲ. ಅದೇ ಊರಿನ ವೇರ್‌ಹೌಸ್ ಅನ್ನೋ ಕ್ಲಬ್ಬಲ್ಲಿ ಡಿಜೆ ಫ್ರಾಂಕಿ ನಕಲ್ಸ್ 1977ರಿಂದ ಇದೇ ರೆಕಾರ್ಡುಗಳನ್ನ ಒಂದರ ಹಿಂದೆ ಒಂದು ಹಾಕ್ತಿದ್ರು. ಡಿಜೆಗಳ ಕುಣಿತದ ಸಂಗೀತಕ್ಕೆ ಬಂದ ಹೌಸ್ ಅನ್ನೋ ಹೆಸರು ಆ ಕ್ಲಬ್ಬಿನ ಹೆಸರಿನ ಬಾಲ. 2004ರಲ್ಲಿ ಶಿಕಾಗೋದ ಒಂದು ಬೀದಿಗೆ ಫ್ರಾಂಕಿ ಹೆಸರಿಟ್ರು, ಸಿಡಿಸಿದವರ ಹೆಸರಲ್ಲಿ ಬೀದಿ ಇರೋದು ನಾನಂತೂ ಕೇಳಿಲ್ಲ. ನಿಮ್ಮ ಪ್ರಶ್ನೆ ಕೋರ್ಟ್ ಮೆಟ್ಟಿಲೂ ಹತ್ತಿದೆ. ಬರ್ಲಿನ್ನಿನ ಬರ್ಗ್‌ಹೈನ್ ಕ್ಲಬ್ ಬರೀ ಮನರಂಜನೆ ಆದ್ರೆ ಟಿಕೆಟ್ಟಿಗೆ 19% ತೆರಿಗೆ, ಸಂಗೀತ ಕಛೇರಿ ಥರ ಆದ್ರೆ 7%. 2016ರಲ್ಲಿ ಕೋರ್ಟು 7% ಅಂತು. ತೆರಿಗೆ ಲೆಕ್ಕ ನೋಡೋ ಕೋರ್ಟಿಗೆ ಹೊಳೆದಿದ್ದು ಸಂಗೀತ ಕಲಿಸಿದ ನಿಮಗೆ ಹೊಳೀಲಿಲ್ವಲ್ಲ ಅಂತ ಸ್ವಲ್ಪ ಬೇಜಾರು.

ಇನ್ನು ಅವೀಚಿ, ಅಂದ್ರೆ ಟಿಮ್ ಬರ್ಗ್ಲಿಂಗ್. ಸ್ಟಾಕ್‌ಹೋಮಲ್ಲಿ ಮಲಗೋ ಕೋಣೇಲಿ ಎಫ್‌ಎಲ್ ಸ್ಟುಡಿಯೋ ಸಾಫ್ಟ್‌ವೇರಲ್ಲಿ ಮೌಸ್ ಹಿಡಿದು ಒಂದೊಂದೇ ಸ್ವರ ಕೂರಿಸಿ ಕಲಿತ ಹುಡುಗ. 2011ರ ಲೆವೆಲ್ಸ್ ಹಾಡಲ್ಲಿ ಗಾಯಕಿ ಎಟಾ ಜೇಮ್ಸ್ 1962ರಲ್ಲಿ ಹಾಡಿದ್ದ ಸಾಲು ಬರುತ್ತೆ, ಹೌದು, ಆದ್ರೆ ಜನ ಗುನುಗೋದು ಸುತ್ತಲೂ ಅವನು ಕಟ್ಟಿದ ರಾಗವನ್ನ. ತಮಾಷೆ ಏನಂದ್ರೆ 2013ರಲ್ಲಿ ಮಯಾಮಿಯ ಅಲ್ಟ್ರಾ ಉತ್ಸವಕ್ಕೆ ಅವನು ನೀವು ಕೇಳಿದ್ದನ್ನೇ ತಂದ, ಬ್ಯಾಂಜೋ, ಗಿಟಾರು, ಎದುರಿಗೇ ನಿಂತು ಹಾಡೋರು. ಜನ ಮುಖ ಮುಖ ನೋಡ್ಕೊಂಡ್ರು, ಡಿಜೆ ಆಗಿ ಇದೇನಪ್ಪಾ ಹಳ್ಳಿ ಹಾಡು ಅಂತ ಬೈದ್ರು. ಕೆಲವೇ ತಿಂಗಳಲ್ಲಿ ಅಲ್ಲಿ ಹಾಡಿಸಿದ್ದ ವೇಕ್ ಮಿ ಅಪ್ ಎಷ್ಟೋ ದೇಶಗಳಲ್ಲಿ ಮೊದಲ ಸ್ಥಾನದಲ್ಲಿತ್ತು. ಬಟನ್ ಒತ್ತಿದ್ರೂ ಬೈಗುಳ, ಒತ್ತದಿದ್ರೂ ಬೈಗುಳ.

ಅವನ ಹೆಸರಿನ ಅರ್ಥ ನಿಮಗೆ ಗೊತ್ತಿರ್ಬೇಕು. ವೀಚಿ ಅಂದ್ರೆ ಅಲೆ, ಅವೀಚಿ ಅಂದ್ರೆ ಬಿಡುವೇ ಇಲ್ಲದ್ದು, ಬೌದ್ಧರ ನರಕಗಳಲ್ಲಿ ಎಲ್ಲಕ್ಕಿಂತ ಕೆಳಗಿಂದು. ಹುಡುಗಾಟಕ್ಕೆ ಇಟ್ಕೊಂಡ ಹೆಸರು. ಕೋಣೇಲಿ ಕೂತು ರಾಗ ಕಟ್ಟೋದು ಅವನಿಗೆ ಪ್ರಾಣ, ದುಡ್ಡು ಇರೋದು ಮಾತ್ರ ಊರೂರು ಸುತ್ತಿ ಕೈ ಮೇಲೆತ್ತೋದರಲ್ಲಿ. ವಿಮಾನ, ನಿದ್ದೆಗೇಡು, ಕುಡಿತ, ಮೇದೋಜೀರಕದ ಉರಿಯೂತ, 2014ರಲ್ಲಿ ಪಿತ್ತಕೋಶ ಅಪೆಂಡಿಕ್ಸ್ ಎರಡೂ ತೆಗೆದ್ರು. 2016ರಲ್ಲಿ ಇನ್ನು ವೇದಿಕೆ ಸಾಕು ಅಂದ. 2018ರ ಏಪ್ರಿಲ್ 20ಕ್ಕೆ ಮಸ್ಕತ್‌ನಲ್ಲಿ ತೀರ್ಕೊಂಡ, 28 ವರ್ಷ.

ನೀವು ಕಣ್ಣಿಗೆ ಬಿದ್ದಿದ್ದನ್ನ ಮಾತ್ರ ಬೈದಿರಿ, ಮಾರುಕಟ್ಟೆ ಕಣ್ಣಿಗೆ ಬಿದ್ದಿದ್ದಕ್ಕೆ ಮಾತ್ರ ದುಡ್ಡು ಕೊಡ್ತು, ನನಗೆ ಎರಡೂ ಒಂದೇ ಥರ ಕಾಣುತ್ತೆ. "ಬೇರೆಯವರ ಹಾಡು" ಅಂತ ಬೈಯೋದಾದ್ರೆ ಇನ್ನೂ ಗಟ್ಟಿಯಾಗಿ ಬೈಬಹುದಿತ್ತು: 1969ರಲ್ಲಿ ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್ಮನ್ ನುಡಿಸಿದ ಆರೇಳು ಸೆಕೆಂಡಿನ ಡ್ರಮ್ಮು ಸಾವಿರಾರು ಹಾಡುಗಳೊಳಗೆ ಸೇರ್ಕೊಂಡಿದೆ, ಆ ಮನುಷ್ಯನಿಗೆ ರಾಯಲ್ಟಿ ಬರಲೇ ಇಲ್ಲ, ಮನೆಯಿಲ್ಲದೆ ಸತ್ತ. ಇಂಥ ಹೆಸರುಗಳು ಎಲ್ಲ ಕಡೆ ಹೀಗೇ ಕಳೆದುಹೋಗ್ತಾವೆ. ಅನುವಾದಕರ ಹೆಸರನ್ನ ಪುಸ್ತಕದ ಒಳಗೆ ಭೂತಗನ್ನಡಿ ಹಿಡಿದು ಹುಡುಕ್ಬೇಕು, ಕರಡು ತಿದ್ದೋರಿಗೆ ತಪ್ಪು ಉಳಿದ ದಿನ ಮಾತ್ರ ಫೋನ್ ಬರುತ್ತೆ, ಪುಟ ಕಟ್ಟೋರು ಯಾರು ಅಂತ ಇಷ್ಟು ವರ್ಷದಲ್ಲಿ ಒಬ್ಬ ಓದುಗರೂ ನನ್ನನ್ನ ಕೇಳಿಲ್ಲ. ಇರಲಿ, ನನ್ನ ಗೋಳು ಶುರುವಾದ್ರೆ ನಿಲ್ಲಲ್ಲ.

ಮೇಷ್ಟ್ರೇ, ನಿಮ್ಮ ಪತ್ರ ಓದುಗರ ಪುಟದಲ್ಲಿದೆ. ಜಾಗ ಸಾಲದೆ ಮೂರನೇ ಪುಟ ಪೂರ್ತಿ ಕತ್ತರಿಸಿದ್ದೀನಿ, ಕೊನೇ ಪ್ಯಾರಾನ ಮೊದಲಿಗೆ ತಂದಿದ್ದೀನಿ, ಅದರಲ್ಲಿ ಸಿಟ್ಟು ಚೆನ್ನಾಗಿ ಕೂತಿತ್ತು. ಎಲ್ಲಿ ಕತ್ತರಿ ಆಡಿದೆ ಅಂತ ಗೊತ್ತಾಗಿಬಿಟ್ರೆ ಬರೀರಿ.